ಹಿಂಬದಿಯ ಸ್ವಿಚ್

ಕಂಪ್ಯೂಟರಿನ ಪವರ್ ಸಪ್ಲೈಯ ಹಿಂಬದಿಯ ಸ್ವಿಚ್ ಆಫ್ ಆಗಿತ್ತು. ಗಾಳಿಗೋ ಹಲ್ಲಿಗೋ ಆಫ್ ಆಗುವಂಥ ಸ್ವಿಚ್ಚಲ್ಲ ಅದು, ಬೆರಳಿಟ್ಟು ಒತ್ತಲೇಬೇಕು. ಮೇಜಿನ ಕೆಳಗೆ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು ನೋಡುತ್ತಿದ್ದ ಮಗಳಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಹಿತ್ತಿಲಿನಿಂದ ಅಮ್ಮ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಕಂಪ್ಯೂಟರು ಮತ್ತೆ ಸತ್ತು ಕೂತಿದೆ ನೋಡಿ. ಹೂಂ, ಅದೇ ರೋಗ. ಬೇಗ ಬರ್ತೀರಾ?"

ಸಾವಿನ ಸುದ್ದಿಯನ್ನು ಯಾರೂ ಇಷ್ಟು ಖುಷಿಯಾಗಿ ಹೇಳುವುದಿಲ್ಲ. ಮಗಳು ಸದ್ದಿಲ್ಲದೆ ತನ್ನ ಕೋಣೆ ಸೇರಿ, ಬಾಗಿಲನ್ನು ಅರೆ ಮುಚ್ಚಿದಳು.

ಮೊದಲ ಸಲ ಕೆಟ್ಟದ್ದು ನಿಜವೇ. ಅಮ್ಮ ಹೊಲಿಗೆಯವಳು, ಕಸೂತಿಯ ಡಿಸೈನುಗಳೆಲ್ಲ ಆ ಹಳೆಯ ಕಂಪ್ಯೂಟರಿನಲ್ಲೇ ಇದ್ದವು. ಒಂದು ದಿನ ಟಪ್ಪೆಂದು ಸದ್ದಾಗಿ, ಸುಟ್ಟ ವಾಸನೆ ಬಂದು, ಪರದೆ ಕಪ್ಪಾಯಿತು. ಕಿವಿಯ ಪಕ್ಕ ನರೆತ ಮೆಕ್ಯಾನಿಕ್ ಒಬ್ಬ ಬಂದ. ಪವರ್ ಸಪ್ಲೈಯನ್ನು ಹೊರಗೆಳೆದು, ಅದರ ಎರಡು ವೈರುಗಳನ್ನು ಬಗ್ಗಿಸಿದ ಪಿನ್ನಿನಿಂದ ಕೂಡಿಸಿ ನೋಡಿದ. ಒಳಗಿನ ಫ್ಯಾನ್ ಮಿಸುಕಲಿಲ್ಲ. "ಇದರ ಕಥೆ ಮುಗೀತು ಮೇಡಂ. ಮಿಕ್ಕಿದ್ದೆಲ್ಲ ಗಟ್ಟಿಮುಟ್ಟಾಗಿದೆ," ಎಂದು ಹೊಸದನ್ನು ಕೂರಿಸಿದ.

ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಂಪ್ಯೂಟರು ಪದೇ ಪದೇ ಕೈಕೊಟ್ಟಿತು. ಅದೂ ಎಂಥ ಸಮಯ ನೋಡಿ ಕೈಕೊಡುತ್ತಿತ್ತೆಂದರೆ, ಮಗಳು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುತ್ತಿರುವಾಗ ಮಾತ್ರ. ಅವಳು ಮನೆಗೆ ಬರುವಷ್ಟರಲ್ಲಿ ರಿಪೇರಿ ಮುಗಿದು, ಸಿಂಕಿನಲ್ಲಿ ಎರಡು ಚಹಾ ಲೋಟ ಬಿದ್ದಿರುತ್ತಿದ್ದವು. ಮೆಕ್ಯಾನಿಕ್ ಕಳಪೆ ಮಾಲು ಹಾಕಿ ಬಡಪಾಯಿ ಅಮ್ಮನ ತಲೆ ಸವರುತ್ತಿದ್ದಾನೆ ಎಂದು ಮಗಳು ತೀರ್ಮಾನಿಸಿದಳು. ಅವನನ್ನು ಹಿಡಿಯಲೆಂದೇ ಇವತ್ತು ಅರ್ಧ ದಿನ ರಜೆ ಹಾಕಿ, ಬೆಕ್ಕಿನಂತೆ ಮನೆಯೊಳಗೆ ನುಸುಳಿದ್ದಳು. ಸಿಕ್ಕಿಬಿದ್ದದ್ದು ನೋಡಿದರೆ ಬಡಪಾಯಿ ಅಮ್ಮ.

ಮಂಚದ ತುದಿಯಲ್ಲಿ ಕೂತು ಯೋಚಿಸಿದಳು. ವರ್ಷಗಟ್ಟಲೆ ಕಾಲು ಮುರಿದ ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಅಮ್ಮ, ಹೋದ ವಾರ ತಾನಾಗಿ ಹೊಸ ಫ್ರೇಮ್ ಕೇಳಿದ್ದಳು. ಹಾಕಿಕೊಂಡು ಕನ್ನಡಿಯ ಮುಂದೆ ಆ ಕಡೆ ಈ ಕಡೆ ಮುಖ ತಿರುಗಿಸಿ, "ನೋಡಿದವರು ನಗಲ್ಲ ತಾನೇ?" ಎಂದು ಬೇರೆ ಕೇಳಿದ್ದಳು. ಯಾರು ನೋಡಿದವರು? ಊಟಕ್ಕೆ ಕೂತಾಗಲೂ ಅದೇ ರಾಗ. "ಒಬ್ಬರೇ ಎಷ್ಟು ದಿನ ಅಂತ ಇರೋದು? ಮನುಷ್ಯನಿಗೆ ಜೊತೆ ಬೇಕು ಕಣೆ."

ಮಗಳಿಗೆ ಥಟ್ಟನೆ ಹೊಳೆಯಿತು. ಮದುವೆ. ತನ್ನನ್ನು ದಾಟಿಸುವ ಹುನ್ನಾರ.

ಅಪ್ಪ ಹೋದಾಗ ಅವಳು ತೊಟ್ಟಿಲ ಕೂಸು. ಅಂದಿನಿಂದ ಮನೆಯೆಂದರೆ ಅಮ್ಮ ಮತ್ತು ಅವಳು, ಇಬ್ಬರೇ. ಬಂದ ವರಗಳನ್ನೆಲ್ಲ ಬಾಗಿಲಿನಿಂದಲೇ ಸಾಗಹಾಕಿದ್ದು ಈ ಮನೆ, ಈ ಅಮ್ಮ ಕೈತಪ್ಪಬಾರದೆಂದು. "ಮೂವತ್ತೈದು ದಾಟಿದ ಮೇಲೆ ನರೆತವರೇ ಗತಿ," ಎಂದು ಚಿಕ್ಕಮ್ಮ ಕುಟುಕಿದಾಗ ಅಮ್ಮ ನಕ್ಕು ಸುಮ್ಮನಾಗಿದ್ದಳು. ಸುಮ್ಮನಿದ್ದು ಕೆಲಸ ಸಾಧಿಸುವವಳು ಅಮ್ಮ.

ಗೇಟು ಕಿರ್ರೆಂದಿತು. ಮೆಕ್ಯಾನಿಕ್ ಬಂದ. ಪೆಟ್ಟಿಗೆಯ ಹಿಂದೆ ಕೈ ಹಾಕಿದ, ಕ್ಲಿಕ್ ಎಂದಿತು. ಕಂಪ್ಯೂಟರಿನ ಫ್ಯಾನ್ ಗುಂಯ್‌ಗುಟ್ಟಿತು. ಪ್ರಾಮಾಣಿಕನಾದವನು ಅಲ್ಲಿಗೇ ಎದ್ದು ಹೋಗಬೇಕಿತ್ತು. ಈ ಮಹಾರಾಯ ಅದನ್ನು ಆರಿಸಿ, ಸ್ಕ್ರೂಡ್ರೈವರ್ ತೆಗೆದು, "ಬಿಚ್ಚಿ ನೋಡ್ಬೇಕು. ಸ್ವಲ್ಪ ಹೊತ್ತು ಹಿಡಿಯುತ್ತೆ," ಎಂದ.

"ಹಿಡೀಲಿ ಬಿಡಿ," ಎಂದಳು ಅಮ್ಮ.

ಅಂದರೆ ಇಬ್ಬರೂ ಸೇರಿಕೊಂಡೇ ಆಡುತ್ತಿರುವ ನಾಟಕ. ಮೊದಲು ಮಾತಿಗೊಮ್ಮೆ ಮೇಡಂ ಎನ್ನುತ್ತಿದ್ದವನು ಈಗ ಅಮ್ಮನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅತ್ತೆ ಎನ್ನಲು ಇನ್ನೂ ನಾಲಿಗೆ ಹೊರಳಿಲ್ಲ, ಪಾಪ, ಎಂದು ಮಗಳು ಹಲ್ಲು ಕಡಿದಳು.

"ಮಗಳ ಹತ್ರ ಮಾತಾಡಿದ್ರಾ?" ಮೆಕ್ಯಾನಿಕ್ ದನಿ ತಗ್ಗಿಸಿ ಕೇಳಿದ.

"ಎಲ್ಲಿಂದ ಮಾತಾಡ್ಲಿ? ಮದುವೆ ಅನ್ನೋ ಪದ ಕಿವಿಗೆ ಬಿದ್ರೆ ಸಾಕು, ಚೇಳು ಕುಟುಕಿದ ಹಾಗೆ ಆಡ್ತಾಳೆ."

"ಅವರು ಮನಸಾರೆ ಒಪ್ಪಬೇಕು. ಇಲ್ಲಾಂದ್ರೆ ಈ ವಿಷಯ ಇಲ್ಲಿಗೇ ಬಿಟ್ಬಿಡೋಣ. ನನಗೇನೂ ಬೇಜಾರಿಲ್ಲ." ಬೇಜಾರಿದೆಯೆಂದು ಅವನ ದನಿಯೇ ಹೇಳುತ್ತಿತ್ತು.

"ಒಪ್ತಾಳೆ ಬಿಡಿ. ಬಾಯಿ ಒರಟು, ಕರುಳು ಮೆತ್ತಗೆ."

ಮಗಳು ಇನ್ನು ತಡೆಯಲಾರದೆ ಹೊರಗೆ ಬಂದಳು. ಮೆಕ್ಯಾನಿಕ್ಕಿನ ಕೈಯಿಂದ ಸ್ಕ್ರೂ ಜಾರಿ ಮೇಜಿನ ಕೆಳಗೆ ಉರುಳಿತು. ಅದನ್ನು ಹುಡುಕುವ ನೆಪದಲ್ಲಿ ಅವನೂ ಮೇಜಿನ ಕೆಳಗೆ ಹೋದ.

"ನಾನು ಒಪ್ಪಲ್ಲ," ಎಂದಳು ಮಗಳು. "ಕಂಪ್ಯೂಟರ್ ಆಫ್ ಮಾಡಿ ಗಂಡು ಕರೆಸೋ ಮಟ್ಟಕ್ಕೆ ಬಂದ್ಯಾ ಅಮ್ಮ? ಅಷ್ಟು ಭಾರ ಆದ್ನಾ ನಿನಗೆ?" ಬೈಯಬೇಕೆಂದು ಬಂದವಳಿಗೆ ಅಳು ಒತ್ತರಿಸಿ ಬಂತು. "ನೀನು ಕತ್ತು ಹಿಡಿದು ದಬ್ಬಿದ್ರೂ ನಾನು ಈ ಮನೆ ಬಿಟ್ಟು ಹೋಗಲ್ಲ. ತಿಳೀತಾ?"

ಅಮ್ಮ ಮೇಜಿನ ಕೆಳಗೆ ಒಮ್ಮೆ ನೋಡಿದಳು, ಮಗಳನ್ನು ನೋಡಿದಳು. ಕೆನ್ನೆ ಕೆಂಪೇರಿತು. ಆಮೇಲೆ ಹತ್ತಿರ ಬಂದು, ಚಿಕ್ಕವಳಿದ್ದಾಗ ಒರೆಸುತ್ತಿದ್ದಂತೆಯೇ ಮಗಳ ಕಣ್ಣು ಒರೆಸಿದಳು.

"ನೀನ್ಯಾಕೆ ಹೋಗ್ಬೇಕು ಪುಟ್ಟಾ, ಈ ಮನೆ ನಿಂದೇ," ಎಂದಳು ಅಮ್ಮ. "ಮದುವೆ ಆಗಿ ಹೋಗ್ತಿರೋಳು ನಾನು."