ಹೊಗೆಗೆ ಕಾವಲು

ಥರ್ಮನ್ ಮತ್ತೆ ಬೇಲಿಯ ಹತ್ತಿರ ಬಂದಾಗ ಓಡೆಲ್ ತನ್ನ ಕುರ್ಚಿಯನ್ನು ಸ್ಮೋಕರಿಗೆ, ಮಾಂಸ ಬೇಯಿಸುವ ಹೊಗೆ ಒಲೆಗೆ, ಇನ್ನಷ್ಟು ಒತ್ತಿ ಎಳೆದುಕೊಂಡ.

“ಹೊಗೆ ತುಂಬ ಬೆಳ್ಳಗಿದೆಯಲ್ಲೋ, ಮಾಂಸ ಕಹಿಯಾಗುತ್ತೆ.”

“ನಿಮ್ಮ ಕಣ್ಣಿಗೆ ಪೊರೆ ಬಂದಿದೆ ಭಾವ. ನಿಮ್ಮ ಬೆಂಕಿ ನೀವು ನೋಡ್ಕೊಳ್ಳಿ. ಏನಿಟ್ಟಿದ್ದೀರಿ?”

“ಕೋಳಿ.”

“ಕೋಳಿಗೆ ಬೆಳಗಿನ ಜಾವದಿಂದ ಬೆಂಕಿನಾ?”

“ಮುದಿ ಕೋಳಿ,” ಎಂದು ಥರ್ಮನ್ ನಕ್ಕು ಹೋದ.

ಓಡೆಲ್ ನಗಲಿಲ್ಲ. ಥರ್ಮನ್ ಅವನ ಹೆಂಡತಿ ಆರ್ವೆಲಾಳ ಅಣ್ಣ, ಪಕ್ಕದ ಮನೆಯವನು, ಮತ್ತು ಇವತ್ತಿನ ಮಟ್ಟಿಗೆ ಶತ್ರು. ಗುಲಾಮಗಿರಿ ಕೊನೆಗೊಂಡ ನೆನಪಿನ ಜೂನ್ ಹತ್ತೊಂಬತ್ತರ ಬಿಡುಗಡೆ ಹಬ್ಬಕ್ಕೆ ಪ್ರತಿ ವರ್ಷ ಲಫ್ಕಿನ್ ಊರಿನ ಚರ್ಚಿನ ಹಿರಿಯರು ಉಣ್ಣುತ್ತಿದ್ದದ್ದು ಓಡೆಲ್‌ನ ಹಿತ್ತಲಿನಲ್ಲಿ, ಓಡೆಲ್‌ನ ಬ್ರಿಸ್ಕೆಟ್. ದನದ ಎದೆಮಾಂಸದ ಇಡೀ ತುಂಡು ಇದ್ದಿಲ ಕಾವಿನಲ್ಲಿ, ಹೊಗೆಯಲ್ಲಿ ಹಗಲಿಡೀ ಮಲಗಿ ಬೆಣ್ಣೆಯಾಗಿ ಏಳುತ್ತಿತ್ತು. ಹೋದ ವರ್ಷ ಮಾತ್ರ ಚಪ್ಪಲಿಯಾಗಿ ಎದ್ದಿತು. ಪಾದ್ರಿಗಳ ಹಲ್ಲುಸೆಟ್ಟು ಅದರಲ್ಲೇ ಸಿಕ್ಕಿಕೊಂಡಿತು. ಇವತ್ತೂ ಕೆಟ್ಟರೆ ಮುಂದಿನ ವರ್ಷದಿಂದ ಹಬ್ಬದೂಟ ಥರ್ಮನ್‌ನ ಹಿತ್ತಲಿಗೆ ಎಂದು ಹಿರಿಯರು ಹೇಳಿಯಾಗಿತ್ತು.

ಓಡೆಲ್‌ಗೆ ಅನುಮಾನವೇ ಇರಲಿಲ್ಲ. ಹೋದ ವರ್ಷ ಕಾಲು ಉಳುಕಿ ದಿನವಿಡೀ ಈ ಕುರ್ಚಿಯಲ್ಲೇ ಇದ್ದ. ಒಂದು ಗಳಿಗೆ ತೂಕಡಿಸಿರಬೇಕು. ಆಗಲೇ ಥರ್ಮನ್ ಬಂದು ಮುಚ್ಚಳ ತೆಗೆದು ಕಾವು ಕೆಡಿಸಿದ್ದಾನೆ. ಮುಚ್ಚಳ ಕಾಯ್ದವನದೇ ಮಾಂಸ. ಇವತ್ತು ರೆಪ್ಪೆ ಮುಚ್ಚುವುದಿಲ್ಲ.

ಆರ್ವೆಲಾ ಹೊರಗೆ ಬಂದಳು. “ಬಿಸಿಲಿಗೆ ಸುಟ್ಟುಹೋಗ್ತೀಯ. ಒಳಗೆ ಬಂದು ಸ್ವಲ್ಪ ಮಲಗು. ಮೊದಲೆಲ್ಲ ಮಧ್ಯಾಹ್ನ ಗೊರಕೆ ಹೊಡೀತಿದ್ದೆ.”

“ಆಗ ನಿನ್ನಣ್ಣನ ಬುದ್ಧಿ ಗೊತ್ತಿರಲಿಲ್ಲ.”

“ಈ ವರ್ಷವೂ ಸೋತು ಕ್ರಿಸ್‌ಮಸ್‌ವರೆಗೆ ಮುಖ ಊದಿಸ್ಕೊಂಡ್ರೆ ನಾನು ಅಮ್ಮನ ಮನೆಗೆ ಹೋಗ್ತೀನಿ. ನಿಜ ಹೇಳ್ತಿದ್ದೀನಿ.”

“ಅದಕ್ಕೇ ಕಾಯ್ತಿರೋದು!”

ಆಕೆ ಬೇಲಿಯ ಕಡೆ ನೋಡಿದಳು. ಬೇಲಿಯಾಚೆಯ ಟೋಪಿಯೊಂದು ಅಲುಗಿತು. ಓಡೆಲ್ ಅದನ್ನು ಕಂಡ. ಹೆಂಡತಿಯೂ ಅಣ್ಣನ ಪಕ್ಷವೇ?

ಮೂರು ಗಂಟೆಯ ಹೊತ್ತಿಗೆ ಆಕೆ ಐಸ್ ಹಾಕಿದ ಸಿಹಿ ಚಹಾ ತಂದಳು. ದೊಡ್ಡ ಜಗ್ಗಿನ ತುಂಬ. ಕೊಡುವಾಗ ಕೈ ಜಾರಿತು. ಅಷ್ಟೂ ಚಹಾ ಓಡೆಲ್‌ನ ತೊಡೆಯ ಮೇಲೆ.

“ಅಯ್ಯಯ್ಯೋ! ಕಣ್ಣು ಕಾಣಲ್ವೇನೆ ನಿಂಗೆ?”

“ಇರುವೆ ಮುತ್ತೋದಕ್ಕೆ ಮುಂಚೆ ಪ್ಯಾಂಟು ಬದಲಾಯಿಸ್ಕೊ. ಹೋಗು. ನಾನಿರ್ತೀನಿ ಇಲ್ಲಿ.”

ಅವನು ಓಡಿದ. ಬೀರುವಿನಲ್ಲಿ ಒಂದೂ ಪ್ಯಾಂಟಿರಲಿಲ್ಲ. ಎಲ್ಲವೂ ಬಟ್ಟೆ ಒಗೆಯುವ ಯಂತ್ರದಲ್ಲಿ ತಿರುಗುತ್ತಿದ್ದವು. ಕೊನೆಗೆ ಚರ್ಚಿಗೆ ಹೋಗುವ ಸೂಟಿನ ಪ್ಯಾಂಟು ಏರಿಸಿಕೊಂಡು ಹಿತ್ತಲಿಗೆ ಹಾರಿ ಬಂದ.

ಮುಚ್ಚಳ ಮುಚ್ಚಿತ್ತು. ಆರ್ವೆಲಾ ಕುರ್ಚಿಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಳು.

“ಯಾರಾದ್ರೂ ಬಂದ್ರಾ?”

“ಯಾವ ಶತ್ರುವೂ ಬರಲಿಲ್ಲ.”

ಸಂಜೆ ಹಿರಿಯರು ಬಂದರು. ಓಡೆಲ್ ಪ್ರಾರ್ಥನೆಯನ್ನು ಎರಡೇ ಮಾತಿನಲ್ಲಿ ಮುಗಿಸಿ, ಮಾಂಸದ ಮೇಲೆ ಚೂರಿ ಇಟ್ಟ. ಚೂರಿ ತಾನಾಗಿ ಇಳಿಯಿತು. ಅಂಚಿನಲ್ಲಿ ಹದವಾಗಿ ಹೊಗೆ ಹಿಡಿದ ಗುಲಾಬಿ ಉಂಗುರ, ಒಳಗೆಲ್ಲ ರಸ. ಪಾದ್ರಿಗಳು ಕಣ್ಣು ಮುಚ್ಚಿ ಜಗಿದರು. “ಇದು ನಮ್ಮ ಓಡೆಲ್‌ನ ಕೈ! ಹಬ್ಬದೂಟ ಇಲ್ಲೇ, ಇನ್ನೆಲ್ಲೂ ಬೇಡ.”

ಓಡೆಲ್ ಬೇಲಿಯ ಕಡೆ ತಿರುಗಿ ಕೂಗಿದ. “ಕೇಳಿಸ್ತಾ ಭಾವ? ಈ ಸಲ ನಿಮ್ಮ ಆಟ ನಡೀಲಿಲ್ಲ!”

“ಕೇಳಿಸ್ತಪ್ಪಾ,” ಎಂದಿತು ಬೇಲಿ.

ಆರ್ವೆಲಾ ತಟ್ಟೆಯಲ್ಲಿ ನಾಲ್ಕು ಹೋಳು ಮುಚ್ಚಿಕೊಂಡು ಅಣ್ಣನ ಹಿತ್ತಲಿಗೆ ಹೋದಳು. ಥರ್ಮನ್ ತನ್ನ ಸ್ಮೋಕರಿನಿಂದ ಮಧ್ಯಾಹ್ನ ಬೇಲಿ ದಾಟಿ ಬಂದಿದ್ದ, ಕರಿ ಮರದ ದಿಮ್ಮಿಯಂಥದ್ದೊಂದನ್ನು ಎತ್ತಿ ನಾಯಿಯ ಮುಂದಿಟ್ಟ. ನಾಯಿ ಮೂಸಿ, ಎದ್ದು ಬೇರೆ ಕಡೆ ಹೋಗಿ ಮಲಗಿತು.

“ಹೋದ ವರ್ಷ ಒಂದೇ ಒಂದು ಸಲ ನೀನು ಅವನನ್ನ ಕುರ್ಚಿಯಿಂದ ಎಬ್ಬಿಸೋಕಾಗ್ಲಿಲ್ಲ ನೋಡು,” ಎಂದ ಥರ್ಮನ್ ತಂಗಿಯ ತಟ್ಟೆಯಿಂದ ಒಂದು ಹೋಳು ಬಾಯಿಗಿಟ್ಟುಕೊಳ್ಳುತ್ತ, “ಪಾಪ, ಅವನ ಕೈರುಚಿ ಏನು ಅಂತ ಚರ್ಚಿಗೆಲ್ಲ ಗೊತ್ತಾಗ್ಹೋಯ್ತು.”