ಗದ್ದಲ ಸೋಸುವ ಯಂತ್ರ

ಯಾರೊಂದಿಗೂ ಮಾತಾಡಬೇಕಿಲ್ಲವೆಂದೇ ಆಫೀಸಿನ ಇಂಟರ್ನೆಟ್ ಫೋನುಗಳ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಕಾಯಂ ಮಾಡುವ ಮುನ್ನ ಹೆಡ್ಡಾಫೀಸಿನ ಮೇಡಂ ಫೋನಿನಲ್ಲೇ ಸಂದರ್ಶನ ಮಾಡುವವರಿದ್ದರು.

"ಲೈನಲ್ಲಿ ಫ್ಯಾನಿನ ಸದ್ದೂ ಕೇಳಬಾರ್ದು ನೋಡಮ್ಮ ಚಿತ್ಕಲಾ," ಎಂದರು ಮ್ಯಾನೇಜರು. ಸಣ್ಣ ಸದ್ದನ್ನೆಲ್ಲ ಗದ್ದಲವೆಂದೇ ತಿಳಿದು ಕತ್ತರಿಸುವಂತೆ ಯಂತ್ರವನ್ನು ಹೊಂದಿಸಿದೆ.

ಮೇಡಂ ಫೋನು ಬಂತು. ಎಂದಿನಂತೆ ಮೆಲ್ಲಗೆ ನಮಸ್ಕಾರ ಹೇಳಿದೆ.

"ಹಲೋ? ಯಾರೂ ಇಲ್ವಾ?"

ಯಂತ್ರ ನನ್ನ ದನಿಯನ್ನೂ ಕತ್ತರಿಸಿತ್ತು.

"ಇದೀನಿ ಮೇಡಂ..."

"ಹುಡುಗಿ ಹೆದರಿ ಓಡಿಹೋದ್ಲಾ? ಇಟ್ಬಿಡ್ತೀನಿ ಹಾಗಾದ್ರೆ."

ಕೆಲಸ ಹೋಯಿತಲ್ಲ ಎಂದು ಜೀವನದಲ್ಲೇ ಮೊದಲ ಸಲ ಕಿರುಚಿದೆ: "ರೀ, ಇಲ್ಲೇ ಸಾಯ್ತಿದೀನಿ ಕಣ್ರೀ! ಕಿವಿ ಮನೇಲೇ ಬಿಟ್ಟು ಬಂದಿದೀರಾ?"

ಆ ಕಡೆಯಿಂದ ಜೋರು ನಗು ಕೇಳಿಸಿತು.

"ಕೆಲ್ಸ ಕಾಯಂ ಕಣಮ್ಮ," ಎಂದರು ಮೇಡಂ. "ಯಂತ್ರ ಬಿಡು. ನಾಳೆಯಿಂದ ಗಿರಾಕಿಗಳ ದೂರಿಗೆಲ್ಲ ನೀನೇ ಉತ್ತರ ಕೊಡು."