ಕೊಂಡಿ ಕಿತ್ತ ವರಹ

ಹರಾಜಿನವನು ಎರಡನೆಯ ಸಲ ಕೂಗಿದಾಗಲೂ ರಾಮಲಿಂಗಪ್ಪನ ನಂಬರಿನ ಹಲಗೆ ತೊಡೆಯ ಮೇಲೇ ಇತ್ತು. ಎದುರಿನ ಪರದೆಯಲ್ಲಿ ವಿಜಯನಗರದ ಚಿನ್ನದ ವರಹ ತನ್ನ ಎರಡೂ ಮುಖ ತೋರಿಸುತ್ತಿತ್ತು. ಅದರ ನೆತ್ತಿಯಲ್ಲಿ ಕೊಂಡಿ ಕಿತ್ತ ಬೆಸುಗೆಯ ಕಲೆ. ಯಾರೋ ಸರಕ್ಕೆ ಪೋಣಿಸಿದ್ದ ನಾಣ್ಯ. ರಾಮಲಿಂಗಪ್ಪನಂಥ ನಾಣ್ಯ ಸಂಗ್ರಹಕಾರರಿಗೆ ಅದು ಊನ.

"ಬ್ಯಾಡ ಬಿಡು," ಎಂದು ಪಕ್ಕದಲ್ಲಿದ್ದ ಹೆಂಡತಿಗೆ ಪಿಸುಗುಟ್ಟಿದ. "ಕೂಗಿದ ರೇಟಿನ ಮ್ಯಾಲ ಇವರ ಕಮಿಷನ್, ಅದರ ಮ್ಯಾಲ ಜಿಎಸ್‌ಟಿ. ಅಷ್ಟು ಕೊಟ್ಟು ಕಲೆ ಬಿದ್ದದ್ದು ತಗೊಂಡ್ರ, ನಾಳೆ ಮಾರಾಕ ಹೋದಾಗ ಯಾರೂ ಮೂಸಿ ನೋಡಂಗಿಲ್ಲ."

ಪಾರವ್ವ ಪರದೆಯಿಂದ ಕಣ್ಣು ಕೀಳಲಿಲ್ಲ. "ಒಂದ ಕಡೆಯಷ್ಟ ಸವದದ ನೋಡ್ರಿ. ಎದಿಗೆ ತಾಗೂ ಕಡೆ. ಯಾರೋ ಭಾಳ ವರ್ಷ ಹಾಕ್ಕೊಂಡಾಳ್ರಿ ಇದನ್ನ." ಹಾಗೆನ್ನುತ್ತಲೇ ಅವಳ ಬೆರಳು ತನ್ನ ಕೊರಳಿನ ಪುತಳಿ ಸರದ ನಾಣ್ಯವೊಂದನ್ನು ತಿರುವಿತು. ಮದುವೆಯಲ್ಲಿ ಅವನೇ ಹಾಕಿದ ಸರ. ನಾಣ್ಯದ ಒಳಮುಖದಲ್ಲಿ ಲಕ್ಷ್ಮಿಯ ಗುರುತೂ ಉಳಿದಿರಲಿಲ್ಲ, ನುಣ್ಣಗೆ ಸವೆದುಹೋಗಿತ್ತು. ಭೂತಗನ್ನಡಿ ಹಿಡಿದು ಊರ ನಾಣ್ಯಗಳನ್ನೆಲ್ಲ ನೋಡಿದ್ದ ರಾಮಲಿಂಗಪ್ಪ ಇದನ್ನು ಇವತ್ತೇ ನೋಡಿದ್ದು. ಮೂರನೆಯ ಕೂಗು ಮುಗಿಯುವುದರೊಳಗೆ ಅವನ ಹಲಗೆ ಮೇಲೆದ್ದಿತ್ತು.

ಬಿಲ್ಲಿನ ಮೇಜಿನಲ್ಲಿ ಹುಡುಗಿ ವರಹವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಹೋದಳು. "ಥಾಂಬಾ," ಎಂದು ರಾಮಲಿಂಗಪ್ಪ ಅವಳ ಮರಾಠಿಯಲ್ಲೇ ತಡೆದ. ಕಮಿಷನ್ನಿನ ಸಾಲು ಓದದೆ ಸಹಿ ಹಾಕಿ, ಬರಿಗೈಯಲ್ಲಿ ವರಹ ಎತ್ತಿ ಪಾರವ್ವನ ಅಂಗೈಯಲ್ಲಿಟ್ಟ.

"ನಡಿ, ಲಕ್ಷ್ಮೀ ರೋಡಿನಾಗ ಪತ್ತಾರನ ಅಂಗಡಿ ತೆರದಿರ್ತದ. ಇದಕ್ಕೊಂದು ಕೊಂಡಿ ಹಾಕಸೂಣು."